ಬುಡಾಪೆಸ್ಟ್‌ನಲ್ಲಿ ಕೊಟ್ಟ ಮಾತು

ಉಕ್ರೇನಿನ ದಕ್ಷಿಣ ಭಾಗದಲ್ಲಿ ಪೆರ್ವೊಮೈಸ್ಕ್ ಎಂಬ ಊರಿದೆ. ಸುತ್ತಲೂ ಗೋಧಿ ಮತ್ತು ಸೂರ್ಯಕಾಂತಿ ಬೆಳೆಯುವ ಕಪ್ಪು ಮಣ್ಣಿನ ಹೊಲಗಳು. ಸೋವಿಯತ್ ಕಾಲದಲ್ಲಿ ಈ ಹೊಲಗಳ ನಡುವೆ ಅಲ್ಲಲ್ಲಿ ತಂತಿಬೇಲಿ ಹಾಕಿದ ಜಾಗಗಳಿದ್ದವು. ಬೇಲಿಯೊಳಗೆ ನೆಲಕ್ಕೆ ಸಮನಾಗಿ ಉಕ್ಕು, ಕಾಂಕ್ರೀಟಿನ ಭಾರೀ ಮುಚ್ಚಳ. ಅದರ ಕೆಳಗೆ ಆಳವಾದ ಬಾವಿಯಲ್ಲಿ ಅಮೆರಿಕದತ್ತ ಗುರಿಯಿಟ್ಟು ನಿಲ್ಲಿಸಿದ್ದ ಖಂಡಾಂತರ ಕ್ಷಿಪಣಿ. ಅವನ್ನು ಹಾರಿಸುವ ಕೇಂದ್ರವೂ ನೆಲದಡಿಯಲ್ಲೇ ಇತ್ತು. ಹನ್ನೆರಡು ಅಂತಸ್ತಿನ ಉಕ್ಕಿನ ಕೊಳವೆಯೊಂದನ್ನು ನೆಲದೊಳಕ್ಕೆ ಇಳಿಬಿಟ್ಟು ಕಟ್ಟಿದ ಈ ಕೇಂದ್ರ ಈಗ ಮ್ಯೂಸಿಯಂ ಆಗಿದೆ. ಇಕ್ಕಟ್ಟಾದ ಲಿಫ್ಟಿನಲ್ಲಿ ಇಳಿದರೆ ಕೆಳಗಿನಿಂದ ಎರಡನೆಯ ಅಂತಸ್ತಿನಲ್ಲಿ ನಿಯಂತ್ರಣ ಕೊಠಡಿ ಸಿಗುತ್ತದೆ. ಅಲ್ಲಿನ ಕುರ್ಚಿಗಳಿಗೆ ಬೆಲ್ಟ್ ಇದೆ, ಮೇಲೆ ಬಾಂಬು ಬಿದ್ದು ನೆಲ ನಡುಗಿದರೂ ಕೂತವರು ಉರುಳಬಾರದೆಂದು. ತಳದ ಅಂತಸ್ತಿನಲ್ಲಿ ಮಲಗುವ ಮಂಚಗಳು. ಮೇಲಿನ ಲೋಕವೆಲ್ಲ ಸುಟ್ಟುಹೋದರೂ ಸುಮಾರು ಒಂದೂವರೆ ತಿಂಗಳು ಒಳಗಿದ್ದವರು ಬದುಕಿರಬಹುದಾದಷ್ಟು ಏರ್ಪಾಡು ಅಲ್ಲಿತ್ತು.

ಕ್ಷಿಪಣಿ ಹಾರಬೇಕಾದರೆ ಇಬ್ಬರು ಅಧಿಕಾರಿಗಳು ಏಕಕಾಲಕ್ಕೆ ಕೀಲಿ ತಿರುಗಿಸಬೇಕು. ಅದಕ್ಕೂ ಮೊದಲು ಮಾಸ್ಕೋದಿಂದ ಸಂಕೇತ ಬರಬೇಕು. 1991ರ ಡಿಸೆಂಬರ್‌ನಲ್ಲಿ ಸೋವಿಯತ್ ಒಕ್ಕೂಟ ಇಲ್ಲವಾದಾಗ ಬಾವಿಗಳು, ಕ್ಷಿಪಣಿಗಳು, ಕೀಲಿ ತಿರುಗಿಸುವ ಅಧಿಕಾರಿಗಳು ಎಲ್ಲವೂ ಹೊಸ ದೇಶ ಉಕ್ರೇನಿನ ಪಾಲಿಗೆ ಬಂದವು. ಸಂಕೇತ ಮಾತ್ರ ಮಾಸ್ಕೋದಲ್ಲೇ ಉಳಿಯಿತು.

ಹೀಗೆ ಉಕ್ರೇನಿನ ನೆಲದಲ್ಲಿ ಉಳಿದ ಅಣ್ವಸ್ತ್ರಗಳ ಲೆಕ್ಕ ಸಣ್ಣದಲ್ಲ. 176 ಖಂಡಾಂತರ ಕ್ಷಿಪಣಿಗಳು, 40ಕ್ಕೂ ಹೆಚ್ಚು ದೂರಗಾಮಿ ಬಾಂಬರ್ ವಿಮಾನಗಳು, ಇವೆಲ್ಲಕ್ಕೆ ಸೇರಿ ಸುಮಾರು 1,900 ಸಿಡಿತಲೆಗಳು. ಅದರ ಜೊತೆಗೆ ರಣರಂಗದಲ್ಲಿ ಬಳಸುವ ಕಿರು ಅಣ್ವಸ್ತ್ರಗಳು ಸಾವಿರಾರು. ಬ್ರಿಟನ್, ಫ್ರಾನ್ಸ್, ಚೀನಾ ಮೂರನ್ನೂ ಸೇರಿಸಿದರೂ ಆಗ ಇಷ್ಟಿರಲಿಲ್ಲ. ಅಮೆರಿಕ ಮತ್ತು ರಷ್ಯಾ ಬಿಟ್ಟರೆ ಜಗತ್ತಿನ ಮೂರನೆಯ ಅತಿದೊಡ್ಡ ಅಣ್ವಸ್ತ್ರ ಸಂಗ್ರಹ, ಸಂಬಳ ಕೊಡಲೂ ಕಾಸಿಲ್ಲದ ಸರ್ಕಾರದ ನೆಲದಲ್ಲಿತ್ತು.

ಇವು ಬೇಡ ಎಂದು ಮೊದಲು ಹೇಳಿದ್ದು ಉಕ್ರೇನೇ. 1986ರ ಚೆರ್ನೋಬಿಲ್ ದುರಂತ ಕಂಡ ಜನರಿಗೆ ಅಣು ಎಂಬ ಮಾತೇ ಬೇಡವಾಗಿತ್ತು. 1990ರ ಜುಲೈ 16ರಂದು ಉಕ್ರೇನಿನ ಸಂಸತ್ತು ಹೊರಡಿಸಿದ ಸಾರ್ವಭೌಮತ್ವದ ಘೋಷಣೆಯಲ್ಲೇ, ಅಣ್ವಸ್ತ್ರಗಳನ್ನು ಸ್ವೀಕರಿಸುವುದಿಲ್ಲ, ತಯಾರಿಸುವುದಿಲ್ಲ, ಪಡೆಯುವುದಿಲ್ಲ ಎಂಬ ಸಂಕಲ್ಪ ಇತ್ತು. ಸ್ವಾತಂತ್ರ್ಯ ಬಂದ ಮೇಲೆ ಕಿರು ಅಣ್ವಸ್ತ್ರಗಳನ್ನು ರೈಲಿಗೆ ತುಂಬಿ ರಷ್ಯಾಕ್ಕೆ ಸಾಗಿಸುವುದೂ ಶುರುವಾಯಿತು. 1992ರ ಮಾರ್ಚ್‌ನಲ್ಲಿ ಅಧ್ಯಕ್ಷ ಲಿಯೊನಿಡ್ ಕ್ರಾವ್ಚುಕ್ ಸಾಗಣೆಯನ್ನು ತಡೆದರು. ಅಲ್ಲಿ ಅವು ನಿಜಕ್ಕೂ ನಾಶವಾಗುತ್ತಿವೆ ಎಂಬುದಕ್ಕೆ ಏನು ಸಾಕ್ಷಿ ಎಂಬುದು ಅವರ ಪ್ರಶ್ನೆಯಾಗಿತ್ತು. ಆದರೆ ಕೆಲವೇ ವಾರಗಳಲ್ಲಿ ಸಾಗಣೆ ಮತ್ತೆ ನಡೆದು ಮೇ ತಿಂಗಳ ಆರಂಭಕ್ಕೆ ಮುಗಿದೇಹೋಯಿತು. ಸಾವಿರಾರು ಅಣ್ವಸ್ತ್ರಗಳು ಗಡಿ ದಾಟಿದವು. ಬದಲಿಗೆ ಹಣವೂ ಸಿಗಲಿಲ್ಲ, ರಕ್ಷಣೆಯ ಮಾತೂ ಸಿಗಲಿಲ್ಲ.

ಉಳಿದ ದೂರಗಾಮಿ ಅಸ್ತ್ರಗಳ ವಿಷಯದಲ್ಲಿ ಉಕ್ರೇನಿನ ರಾಜಧಾನಿ ಕೀವ್ ಎಚ್ಚೆತ್ತುಕೊಂಡಿತು. 1992ರ ಮೇ 23ರಂದು ಲಿಸ್ಬನ್‌ನಲ್ಲಿ ಉಕ್ರೇನ್, ಬೆಲಾರುಸ್, ಕಜಕಸ್ತಾನಗಳು ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದಕ್ಕೆ, ಅಂದರೆ ಎನ್‌ಪಿಟಿಗೆ, ಅಣ್ವಸ್ತ್ರವಿಲ್ಲದ ದೇಶಗಳಾಗಿಯೇ ಸೇರುವುದಾಗಿ ಒಪ್ಪಿ ಸಹಿ ಹಾಕಿದ್ದವು ನಿಜ. ಆದರೆ ಸಹಿ ಹಾಕುವುದಕ್ಕೂ ಅಸ್ತ್ರ ಕೈಬಿಡುವುದಕ್ಕೂ ನಡುವೆ ಎರಡೂವರೆ ವರ್ಷದ ಜಗ್ಗಾಟ ನಡೆಯಿತು. ಸಿಡಿತಲೆಗಳೊಳಗಿನ ಯುರೇನಿಯಂಗೆ ಬೆಲೆ ಕೊಡಿ, ಬಾವಿಗಳನ್ನು ಒಡೆಯುವ ಖರ್ಚು ಕೊಡಿ, ಎಲ್ಲಕ್ಕಿಂತ ಮುಖ್ಯವಾಗಿ ನಾಳೆ ನಮ್ಮ ಗಡಿಗೆ ಕುತ್ತು ಬಂದರೆ ಯಾರು ನಿಲ್ಲುತ್ತೀರಿ ಹೇಳಿ ಎಂದು ಉಕ್ರೇನ್ ಕೇಳಿತು. ಪರಿಸರ ಸಚಿವ ಯೂರಿ ಕೊಸ್ಟೆಂಕೊ ಆತುರಪಟ್ಟು ಎಲ್ಲವನ್ನೂ ಬಿಟ್ಟುಕೊಡಬಾರದೆಂದು ಪಟ್ಟು ಹಿಡಿದರು. ಕ್ಷಿಪಣಿ ಪಡೆಯ ಜನರಲ್ ಆಗಿದ್ದ ಸಂಸದ ವೊಲೊಡಿಮಿರ್ ಟೊಲುಬ್ಕೊ ಅಣ್ವಸ್ತ್ರ ಉಳಿಸಿಕೊಳ್ಳಬೇಕೆಂದೇ ವಾದಿಸಿದರು. 1993ರಲ್ಲಿ ಅಮೆರಿಕದ ವಿದ್ವಾಂಸ ಜಾನ್ ಮಿಯರ್‌ಶೈಮರ್ ಕೂಡ, ರಷ್ಯಾವನ್ನು ತಡೆಯಲು ಉಕ್ರೇನಿಗೆ ಇರುವ ನಂಬಲರ್ಹ ದಾರಿ ಅದೊಂದೇ ಎಂದು ಬರೆದರು. ಆಗ ಅದು ಒಂಟಿ ದನಿಯಾಗಿತ್ತು.

ಉಕ್ರೇನಿನ ಕೇಳಿಕೆಯನ್ನು ಬ್ಲ್ಯಾಕ್‌ಮೇಲ್ ಎಂದು ಜರೆದವರು ಪಶ್ಚಿಮದಲ್ಲಿ ಬೇಕಾದಷ್ಟಿದ್ದರು. ನನಗೆ ಹಾಗನಿಸುವುದಿಲ್ಲ. ರಷ್ಯಾದ ಸಂಸದರು ಆ ದಿನಗಳಲ್ಲೇ ಉಕ್ರೇನಿಗೆ ಸೇರಿದ ಕ್ರಿಮಿಯಾ ತಮ್ಮದು, ಅಲ್ಲಿನ ಸೆವಾಸ್ತೊಪೋಲ್ ತಮ್ಮದು ಎಂದು ನಿರ್ಣಯ ಮಾಡುತ್ತಿದ್ದರು. ಮನೆಯ ಗಡಿಕಲ್ಲನ್ನೇ ಒಪ್ಪದ ನೆರೆಯವನ ಕೈಗೆ ಮನೆಯಲ್ಲಿದ್ದ ಕೋವಿ ಕೊಡುವಾಗ ಊರ ಹಿರಿಯರ ಮುಂದೆ ಪತ್ರ ಮಾಡಿಸಿಕೊಳ್ಳುವುದು ಯಾರೂ ಮಾಡುವ ಕೆಲಸವೇ.

ಆದರೆ ಕೀವ್‌ನ ಕೈ ಬಹಳ ಸೋತಿತ್ತು. 1993ರಲ್ಲಿ ಅಲ್ಲಿನ ಬೆಲೆಯೇರಿಕೆ ಶೇ 10,000 ಮೀರಿತು. ಗ್ಯಾಸು, ಪೆಟ್ರೋಲು, ಅಣು ವಿದ್ಯುತ್ ಸ್ಥಾವರಗಳ ಇಂಧನ ಎಲ್ಲವೂ ರಷ್ಯಾದಿಂದಲೇ ಬರಬೇಕು, ಅದಕ್ಕೆ ತೆರಲು ದುಡ್ಡಿಲ್ಲ. 1993ರ ಸೆಪ್ಟೆಂಬರ್‌ನಲ್ಲಿ ಕ್ರಿಮಿಯಾದ ಮಸ್ಸಾಂಡ್ರಾದಲ್ಲಿ ರಷ್ಯಾದ ಅಧ್ಯಕ್ಷ ಯೆಲ್ಟ್ಸಿನ್ ಮತ್ತು ಕ್ರಾವ್ಚುಕ್ ನೇರವಾಗಿ ಮಾತಿಗೆ ಕೂತರೂ ಅದು ಮುರಿದುಬಿತ್ತು. ಆಮೇಲೆ ಅಮೆರಿಕ ನಡುವೆ ಬಂತು. 1994ರ ಜನವರಿ 12ರಂದು ಮಾಸ್ಕೋಗೆ ಹೊರಟಿದ್ದ ಅಮೆರಿಕದ ಅಧ್ಯಕ್ಷ ಬಿಲ್ ಕ್ಲಿಂಟನ್ ದಾರಿಯಲ್ಲಿ ಕೀವ್‌ನ ಬೊರಿಸ್ಪಿಲ್ ವಿಮಾನ ನಿಲ್ದಾಣದಲ್ಲಿ ಇಳಿದು ಕ್ರಾವ್ಚುಕ್ ಅವರನ್ನು ಕಂಡರು. ಎರಡು ದಿನದ ನಂತರ ಮಾಸ್ಕೋದಲ್ಲಿ ಮೂವರೂ ಸಹಿ ಹಾಕಿದರು. ಸಿಡಿತಲೆಗಳು ರಷ್ಯಾಕ್ಕೆ ಹೋಗುತ್ತವೆ. ಅದಕ್ಕೆ ಬದಲಾಗಿ ರಷ್ಯಾ ಉಕ್ರೇನಿನ ಸ್ಥಾವರಗಳಿಗೆ ಇಂಧನ ಕೊಡುತ್ತದೆ. ಬಾವಿಗಳನ್ನು ಕೆಡವಲು ಅಮೆರಿಕ ನೆರವಾಗುತ್ತದೆ. ಯುರೇನಿಯಂ ಪ್ರಶ್ನೆ, ಖರ್ಚಿನ ಪ್ರಶ್ನೆ ಹೀಗೆ ತೀರಿದವು. ರಕ್ಷಣೆಯ ಪ್ರಶ್ನೆಗೆ ಮಾತ್ರ, ಎನ್‌ಪಿಟಿಗೆ ಸೇರಿದ ಮೇಲೆ ಲಿಖಿತ ಭರವಸೆ ಕೊಡುತ್ತೇವೆ ಎಂಬ ಉತ್ತರ ಬಂತು.

ಎಂಥ ಭರವಸೆ ಎಂಬುದರಲ್ಲೇ ಎಲ್ಲವೂ ಅಡಗಿತ್ತು. ನೇಟೊ ದೇಶಗಳಿಗೆ ಕೊಟ್ಟಂತೆ, ದಾಳಿಯಾದರೆ ಸೈನ್ಯ ಕಳಿಸುವ ಹೊಣೆ ತಾನು ಹೊರುವುದಿಲ್ಲವೆಂದು ಅಮೆರಿಕ ಮಾತುಕತೆಯುದ್ದಕ್ಕೂ ಸ್ಪಷ್ಟವಾಗಿ ಹೇಳಿತ್ತು. ಅದು ಬೋರಿಸ್ ತರಾಸ್ಯುಕ್‌ರಂಥ ಉಕ್ರೇನಿನ ರಾಜತಾಂತ್ರಿಕರಿಗೆ ತಿಳಿದೇ ಇತ್ತು. ತಿಳಿದೂ ಒಪ್ಪಿದರು, ಬೇರೆ ಗತಿ ಇರಲಿಲ್ಲ. ಅಸ್ತ್ರ ಇಟ್ಟುಕೊಂಡರೆ ಪಶ್ಚಿಮದ ನೆರವೂ ಇಲ್ಲ, ಸ್ನೇಹವೂ ಇಲ್ಲ. ಆ ಬೇಸಿಗೆಯ ಚುನಾವಣೆಯಲ್ಲಿ ಕ್ರಾವ್ಚುಕ್ ಸೋತು ಲಿಯೊನಿಡ್ ಕುಚ್ಮಾ ಅಧ್ಯಕ್ಷರಾದರು. ಜಗತ್ತಿನ ಅತಿ ದೊಡ್ಡ ಕ್ಷಿಪಣಿ ಕಾರ್ಖಾನೆಗಳಲ್ಲೊಂದಾದ, ನಿಪ್ರೊಪೆಟ್ರೊವ್‌ಸ್ಕ್‌ನ ಯೂಜ್‌ಮಾಷ್‌ನ ನಿರ್ದೇಶಕರಾಗಿದ್ದವರು ಅವರು. ತಮ್ಮ ಕಾರ್ಖಾನೆಯ ಕ್ಷಿಪಣಿಗಳನ್ನು ಕಳಚುವ ಕಾಗದಕ್ಕೆ ಸಹಿ ಹಾಕುವ ಪಾಳಿ ಅವರಿಗೇ ಬಂತು. ನವೆಂಬರ್ 16ರಂದು ಸಂಸತ್ತು ಎನ್‌ಪಿಟಿಯನ್ನು ಒಪ್ಪಿತು. ಡಿಸೆಂಬರ್ 5ರಂದು ಹಂಗೇರಿಯ ರಾಜಧಾನಿ ಬುಡಾಪೆಸ್ಟ್‌ನಲ್ಲಿ ಕುಚ್ಮಾ, ಯೆಲ್ಟ್ಸಿನ್, ಕ್ಲಿಂಟನ್ ಮತ್ತು ಬ್ರಿಟನ್ನಿನ ಜಾನ್ ಮೇಜರ್ ಒಂದೇ ಮೇಜಿಗೆ ಕೂತರು.

ಅಲ್ಲಿ ಸಹಿಯಾದ ಒಪ್ಪಂದಪತ್ರದಲ್ಲಿ ಇರುವುದು ಆರೇ ಅಂಶ. ಉಕ್ರೇನಿನ ಸ್ವಾತಂತ್ರ್ಯ ಮತ್ತು ಅಂದಿನ ಗಡಿಗಳನ್ನು ಗೌರವಿಸುತ್ತೇವೆ. ಬಲಪ್ರಯೋಗ ಮಾಡುವುದಿಲ್ಲ, ಮಾಡುವುದಾಗಿ ಬೆದರಿಸುವುದೂ ಇಲ್ಲ. ಆರ್ಥಿಕವಾಗಿ ಹಿಂಡುವುದಿಲ್ಲ. ಅಣ್ವಸ್ತ್ರದ ಬೆದರಿಕೆ ಅಥವಾ ಬಳಕೆ ಇರುವ ಆಕ್ರಮಣಕ್ಕೆ ಉಕ್ರೇನ್ ಗುರಿಯಾದರೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಕೂಡಲೇ ನೆರವಿಗೆ ಬರುವಂತೆ ಪ್ರಯತ್ನಿಸುತ್ತೇವೆ. ಉಕ್ರೇನಿನ ಮೇಲೆ ಅಣ್ವಸ್ತ್ರ ಬಳಸುವುದಿಲ್ಲ. ಈ ಮಾತುಗಳ ಬಗ್ಗೆ ಪ್ರಶ್ನೆ ಎದ್ದರೆ ಕೂತು ಸಮಾಲೋಚಿಸುತ್ತೇವೆ. ಇಷ್ಟೇ. ಮಾತು ಮುರಿದವನಿಗೆ ಏನು ಶಿಕ್ಷೆ, ಮುರಿದವನು ಭದ್ರತಾ ಮಂಡಳಿಯ ಕಾಯಂ ಸದಸ್ಯನೇ ಆಗಿದ್ದರೆ ಗತಿಯೇನು ಎಂಬುದಕ್ಕೆ ಇದರಲ್ಲಿ ಒಂದಕ್ಷರವೂ ಇಲ್ಲ.

ಈ ತೂತು ಭಾರತಕ್ಕೆ ಹಳೆಯ ಪರಿಚಯ. 1964ರ ಅಕ್ಟೋಬರ್ 16ರಂದು ಚೀನಾ ತನ್ನ ಮೊದಲ ಅಣುಬಾಂಬ್ ಸಿಡಿಸಿದಾಗ ನಮಗೆ 1962ರ ಚೀನಾ ಯುದ್ಧದ ಗಾಯ ಇನ್ನೂ ಮಾಯ್ದಿರಲಿಲ್ಲ. ಆ ಡಿಸೆಂಬರ್‌ನಲ್ಲಿ ಲಂಡನ್ನಿಗೆ ಹೋಗಿದ್ದ ಲಾಲ್ ಬಹಾದ್ದೂರ್ ಶಾಸ್ತ್ರಿಯವರು, ಬಾಂಬ್ ಇಲ್ಲದ ದೇಶಗಳಿಗೆ ಬಾಂಬ್ ಇರುವ ದೊಡ್ಡ ದೇಶಗಳು ರಕ್ಷಣೆ ಕೊಡುವ ವಿಷಯವನ್ನು ಬ್ರಿಟನ್ನಿನ ಪ್ರಧಾನಿ ಹೆರಾಲ್ಡ್ ವಿಲ್ಸನ್ ಮುಂದೆ ಎತ್ತಿದರು. 1967ರಲ್ಲಿ ಇಂದಿರಾ ಗಾಂಧಿಯವರ ಕಾರ್ಯದರ್ಶಿ ಎಲ್.ಕೆ. ಝಾ ಇದೇ ಕೋರಿಕೆ ಹಿಡಿದು ಮಾಸ್ಕೋ, ವಾಷಿಂಗ್ಟನ್‌ಗಳಿಗೆ ಹೋದರು. ಸಿಕ್ಕಿದ್ದು 1968ರ ಜೂನ್ 19ರ ಭದ್ರತಾ ಮಂಡಳಿಯ 255ನೆಯ ನಿರ್ಣಯ. ಅಣ್ವಸ್ತ್ರ ದಾಳಿಯಾದರೆ ಮಂಡಳಿ ಕ್ರಮ ಕೈಗೊಳ್ಳುತ್ತದೆ ಎಂಬ ಅದೇ ತೆಳು ಮಾತು. ಮತದಾನದಲ್ಲಿ ಭಾರತ ತಟಸ್ಥವಾಗಿ ಉಳಿಯಿತು, ಪಾಕಿಸ್ತಾನವೂ ತಟಸ್ಥವಾಗಿ ಉಳಿಯಿತು. ಎನ್‌ಪಿಟಿಗೆ ಇಬ್ಬರೂ ಸಹಿ ಹಾಕಲಿಲ್ಲ. ಭಾರತ ಸಹಿ ಹಾಕದ್ದಕ್ಕೆ ಇದೊಂದೇ ಕಾರಣವಲ್ಲ. ಐದು ದೇಶಗಳಿಗೊಂದು ನ್ಯಾಯ, ಉಳಿದವರಿಗೊಂದು ನ್ಯಾಯ ಎಂಬ ತಾರತಮ್ಯವನ್ನು ನಮ್ಮವರು ಮೊದಲಿಂದ ವಿರೋಧಿಸಿದ್ದರು. ಆದರೂ ರಕ್ಷಣೆಗಾಗಿ ಬಾಗಿಲು ತಟ್ಟಿ ಬರಿಗೈಯಲ್ಲಿ ಬಂದ ಅನುಭವ ಆಳಕ್ಕಿಳಿದಿತ್ತು. ಆರು ವರ್ಷದ ನಂತರ, 1974ರ ಮೇ 18ರಂದು ಪೋಖರಣ್‌ನಲ್ಲಿ ನೆಲ ನಡುಗಿತು. ಆ ಅಣು ಪರೀಕ್ಷೆಯ ಮುಂದಾಳು ನಮ್ಮ ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ.

ಉಕ್ರೇನ್ ಹಿಡಿದದ್ದು ಇನ್ನೊಂದು ದಾರಿ, ಅದನ್ನು ಕೊನೆಯವರೆಗೂ ಪ್ರಾಮಾಣಿಕವಾಗಿ ನಡೆಯಿತು. 1996ರ ಜೂನ್ 1ರ ಹೊತ್ತಿಗೆ ಕಡೆಯ ಸಿಡಿತಲೆಯೂ ರಷ್ಯಾ ಸೇರಿತು. ಜೂನ್ 4ರಂದು ಪೆರ್ವೊಮೈಸ್ಕ್‌ನ ಒಂದು ಬಾವಿಯ ಜಾಗದಲ್ಲಿ ಅಮೆರಿಕದ ವಿಲಿಯಂ ಪೆರಿ, ರಷ್ಯಾದ ಪಾವೆಲ್ ಗ್ರಚೋವ್, ಉಕ್ರೇನಿನ ವಲೇರಿ ಶ್ಮರೋವ್, ಮೂರು ದೇಶಗಳ ರಕ್ಷಣಾ ಸಚಿವರೂ ಮಣ್ಣು ಕೆದಕಿ ಸೂರ್ಯಕಾಂತಿ ಸಸಿ ನೆಟ್ಟರು. 2001ರ ಅಕ್ಟೋಬರ್‌ನಲ್ಲಿ ಕೊನೆಯ ಬಾವಿಯನ್ನೂ ಸ್ಫೋಟಿಸಿ ಮುಚ್ಚಲಾಯಿತು. ಹೆಚ್ಚಿನ ವಿಮಾನಗಳನ್ನು ಅಮೆರಿಕದ ದುಡ್ಡಿನಲ್ಲಿ ಕತ್ತರಿಸಿ ಗುಜರಿ ಮಾಡಿದರು. ಎಂಟು ಟಿಯು-160, ಮೂರು ಟಿಯು-95 ಬಾಂಬರ್‌ಗಳು ಮತ್ತು ಐನೂರಕ್ಕೂ ಹೆಚ್ಚು ಕ್ರೂಸ್ ಕ್ಷಿಪಣಿಗಳು ಗ್ಯಾಸಿನ ಸಾಲಕ್ಕೆ ವಜಾ ಆಗಿ 1999–2000ರಲ್ಲಿ ರಷ್ಯಾ ಸೇರಿದವು. 2022ರಿಂದ ಉಕ್ರೇನಿನ ನಗರಗಳ ಮೇಲೆ ಕ್ಷಿಪಣಿ ಎಸೆಯುತ್ತಿರುವುದು ಇವೇ ಮಾದರಿಯ ವಿಮಾನಗಳು. ಈ ಇಡೀ ಚರಿತ್ರೆಯಲ್ಲಿ ನನ್ನನ್ನು ಅತಿ ಹೆಚ್ಚು ಕಾಡುವ ಸಂಗತಿ ಇದು.

2014ರ ಫೆಬ್ರುವರಿ ಕೊನೆಗೆ ಗುರುತುಪಟ್ಟಿಯಿಲ್ಲದ ಸಮವಸ್ತ್ರ ತೊಟ್ಟ ಸೈನಿಕರು ಕ್ರಿಮಿಯಾದ ಸಂಸತ್ತು, ವಿಮಾನ ನಿಲ್ದಾಣಗಳನ್ನು ಹಿಡಿದರು. ಕೀವ್ ಬುಡಾಪೆಸ್ಟ್ ಪತ್ರದ ಆರನೆಯ ಅಂಶವನ್ನು ನೆನಪಿಸಿ ಸಮಾಲೋಚನೆಗೆ ಕರೆಯಿತು. ಮಾರ್ಚ್ 5ರಂದು ಪ್ಯಾರಿಸ್‌ನಲ್ಲಿ ಅಮೆರಿಕ, ಬ್ರಿಟನ್, ಉಕ್ರೇನಿನ ವಿದೇಶಾಂಗ ಸಚಿವರು ಕೂಡಿದರು. ಅದೇ ಊರಿನಲ್ಲಿದ್ದ ರಷ್ಯಾದ ಸೆರ್ಗೈ ಲಾವ್ರೊವ್ ಆ ಸಭೆಗೆ ಬರಲಿಲ್ಲ. ಮಾರ್ಚ್ 15ರಂದು ಭದ್ರತಾ ಮಂಡಳಿಯ ಹದಿನೈದರಲ್ಲಿ ಹದಿಮೂರು ದೇಶಗಳು ಒಪ್ಪಿದ ನಿರ್ಣಯಕ್ಕೆ ರಷ್ಯಾ ವಿಟೊ ಹಾಕಿತು. ಮೂರು ದಿನದಲ್ಲಿ ಕ್ರಿಮಿಯಾವನ್ನು ತನ್ನದೆಂದು ಬರೆದುಕೊಂಡಿತು. ಉಕ್ರೇನಿನ ಅಂದಿನ ಸರ್ಕಾರ ಕಾನೂನುಬದ್ಧವಲ್ಲ, ಹಾಗಾಗಿ ಹಳೆಯ ಮಾತಿಗೆ ನಾವು ಬದ್ಧರಲ್ಲ ಎಂಬರ್ಥದ ಸಮರ್ಥನೆಯೂ ಮಾಸ್ಕೋದಿಂದ ಬಂತು. ಸರ್ಕಾರ ಬದಲಾದರೆ ದೇಶದ ಗಡಿ ಬದಲಾಗುತ್ತದೆ ಎನ್ನುವ ಈ ವಾದಕ್ಕೆ ತಲೆಬುಡವಿಲ್ಲ.

ಇಲ್ಲಿ ಮಾತು ಮುರಿದದ್ದು ರಷ್ಯಾ. ಅದರಲ್ಲಿ ಎರಡು ಮಾತಿಲ್ಲ. ಅಮೆರಿಕ ಮತ್ತು ಬ್ರಿಟನ್ ಅಕ್ಷರಶಃ ನೋಡಿದರೆ ಯಾವ ಅಂಶವನ್ನೂ ಮೀರಲಿಲ್ಲ. ನಿರ್ಬಂಧ ಹೇರಿದವು, ಖಂಡಿಸಿದವು. ಆದರೆ ತಮ್ಮ ಸಹಿಯನ್ನೇ ನಂಬಿ ನಿಶ್ಶಸ್ತ್ರವಾದ ದೇಶಕ್ಕೆ ಆ ಮೊದಲ ವರ್ಷಗಳಲ್ಲಿ ಅವು ಕಂಬಳಿ, ಊಟದ ಪೊಟ್ಟಣ ಕಳಿಸಿ, ಮಾರಕ ಶಸ್ತ್ರ ಕೊಡಲು ಹಿಂದೆಮುಂದೆ ನೋಡಿದ್ದು ಕಾಗದದ ಅಕ್ಷರಕ್ಕೆ ಸರಿಹೊಂದಿರಬಹುದು, ಅದರ ಉದ್ದೇಶಕ್ಕಲ್ಲ. 2022ರ ಫೆಬ್ರುವರಿ 19ರಂದು ಉಕ್ರೇನಿನ ಅಧ್ಯಕ್ಷ ವೊಲೊಡಿಮಿರ್ ಝೆಲೆನ್‌ಸ್ಕಿ ಮ್ಯೂನಿಕ್‌ನ ಭದ್ರತಾ ಸಮ್ಮೇಳನದಲ್ಲಿ ನಿಂತು, ಬುಡಾಪೆಸ್ಟ್ ಸಮಾಲೋಚನೆಗೆ ಮೂರು ಸಲ ಕರೆದೆವು, ಈಗ ನಾಲ್ಕನೆಯ ಸಲ ಕರೆಯುತ್ತಿದ್ದೇವೆ ಎಂದರು. ಐದು ದಿನಕ್ಕೆ ಕೀವ್ ಮೇಲೆ ಕ್ಷಿಪಣಿಗಳು ಬಿದ್ದವು. ಮರುದಿನ ಭದ್ರತಾ ಮಂಡಳಿ ಸೇರಿದಾಗ ಅಧ್ಯಕ್ಷ ಪೀಠದಲ್ಲಿ ಕೂತಿದ್ದುದು ರಷ್ಯಾವೇ, ಆ ತಿಂಗಳು ಅದರ ಸರದಿ. ವಿಟೊ ಹಾಕಿದ್ದೂ ಅದೇ. ಭಾರತ ಮತದಾನದಿಂದ ದೂರ ಉಳಿಯಿತು. ಅದಾಗಿ ನಾಲ್ಕೇ ದಿನಕ್ಕೆ, ಮಾರ್ಚ್ 1ರಂದು, ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಕರ್ನಾಟಕದ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಬಲಿಯಾದ.

ಬಾಂಬ್ ಉಳಿಸಿಕೊಂಡಿದ್ದರೆ ಉಕ್ರೇನ್ ಉಳಿಯುತ್ತಿತ್ತೇ? 2023ರಲ್ಲಿ ಐರ್ಲೆಂಡಿನ ಟಿವಿಗೆ ಮಾತನಾಡಿದ ಕ್ಲಿಂಟನ್, ಅಸ್ತ್ರ ಬಿಟ್ಟುಕೊಡಲು ಒಪ್ಪಿಸಿದವನು ತಾನೇ ಎಂದು ನೊಂದುಕೊಂಡರು. ಅವಿದ್ದಿದ್ದರೆ ರಷ್ಯಾ ಇಂಥ ಸಾಹಸಕ್ಕೆ ಇಳಿಯುತ್ತಿರಲಿಲ್ಲ ಎಂದರು. ಇದನ್ನು ಪೂರ್ತಿ ಒಪ್ಪುವುದು ನನಗೆ ಕಷ್ಟ. ಸಂಕೇತ ಮಾಸ್ಕೋದಲ್ಲಿತ್ತು. ಅದನ್ನು ದಾಟಿ ಕ್ಷಿಪಣಿಗಳನ್ನು ಸ್ವಂತ ಮಾಡಿಕೊಳ್ಳಲು ಉಕ್ರೇನಿನ ಎಂಜಿನಿಯರುಗಳಿಗೆ ಕಾಲ ಬೇಕಿತ್ತು, ದುಡ್ಡು ಬೇಕಿತ್ತು. ಸಿಡಿತಲೆಗಳಿಗೆ ಬೇಕಾದ ದುರಸ್ತಿ ವ್ಯವಸ್ಥೆ ಇದ್ದದ್ದೂ ರಷ್ಯಾದಲ್ಲೇ. ಅಷ್ಟರೊಳಗೆ ರಷ್ಯಾ ಮತ್ತು ಅಮೆರಿಕ ಎರಡೂ ಮೇಲೆರಗುತ್ತಿದ್ದವು. ಆದರೆ ಈ ಸೂಕ್ಷ್ಮಗಳನ್ನು ತೂಗಿ ನೋಡುವ ವ್ಯವಧಾನ ಬೇರೆ ರಾಜಧಾನಿಗಳಿಗಿಲ್ಲ. ಅಸ್ತ್ರ ಬಿಟ್ಟವನಿಗೆ ಹೀಗಾಯಿತು, ಬಿಡದವನನ್ನು ಯಾರೂ ಮುಟ್ಟಲಿಲ್ಲ ಎಂಬಷ್ಟೇ ಅವರಿಗೆ ಕಾಣುವುದು.

ಉತ್ತರ ಕೊರಿಯಾದ ರಾಜಧಾನಿ ಪ್ಯೊಂಗ್ಯಾಂಗ್‌ಗೆ ಅದು ಮೊದಲೇ ಕಂಡಿತ್ತು. ಲಿಬಿಯಾದ ಗಡಾಫಿ 2003ರ ಡಿಸೆಂಬರ್ 19ರಂದು ಅಣ್ವಸ್ತ್ರ ಯೋಜನೆ ಕೈಬಿಡುವುದಾಗಿ ಸಾರಿ ಯಂತ್ರಗಳನ್ನು ವಿಮಾನದಲ್ಲಿ ಅಮೆರಿಕಕ್ಕೆ ಕಳಿಸಿದ್ದ. ಅವನಿಗೆ ಲಿಖಿತ ಭರವಸೆ ಯಾರೂ ಕೊಟ್ಟಿರಲಿಲ್ಲ; ಸ್ನೇಹದ ನಿರೀಕ್ಷೆಯಷ್ಟೇ. 2011ರ ಮಾರ್ಚ್‌ನಲ್ಲಿ ಪಶ್ಚಿಮದ ವಿಮಾನಗಳು ಲಿಬಿಯಾದ ಮೇಲೆ ಬಾಂಬ್ ಹಾಕಿದವು, ಅಕ್ಟೋಬರ್ 20ಕ್ಕೆ ಅವನು ಹೆಣವಾದ. ತನ್ನ ಜನರನ್ನೇ ಕೊಂದ ಆ ಕ್ರೂರಿಗಾಗಿ ಅಳಬೇಕಿಲ್ಲ. ಆದರೆ ದಾಳಿ ಶುರುವಾದ ಕೆಲವೇ ದಿನಗಳಲ್ಲಿ ಉತ್ತರ ಕೊರಿಯಾದ ವಿದೇಶಾಂಗ ಇಲಾಖೆ, ಲಿಬಿಯಾವನ್ನು ಮಾತಿನಿಂದ ನಿಶ್ಶಸ್ತ್ರಗೊಳಿಸಿ ಆಮೇಲೆ ನುಂಗಿದರು, ನಾವು ಹಿಡಿದ ದಾರಿಯೇ ಸರಿ ಎಂಬರ್ಥದ ಹೇಳಿಕೆ ಕೊಟ್ಟಿತು. ಅಲ್ಲಿಂದ ಮುಂದೆ ಅದು ನಾಲ್ಕು ಅಣು ಪರೀಕ್ಷೆ ಮಾಡಿತು.

ಹೆಚ್ಚು ಕಳವಳ ಹುಟ್ಟಿಸುವುದು ಗೆಳೆಯ ದೇಶಗಳ ಲೆಕ್ಕಾಚಾರ. ದಕ್ಷಿಣ ಕೊರಿಯಾದಲ್ಲಿ ಇದು ಹೊಸದಲ್ಲ. 1969ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್, ಏಷ್ಯಾದ ಮಿತ್ರರು ತಮ್ಮ ರಕ್ಷಣೆಯ ಹೊರೆಯನ್ನು ತಾವೇ ಹೊರಬೇಕೆಂದರು. 1971ರಲ್ಲಿ ಸುಮಾರು 20,000 ಅಮೆರಿಕನ್ ಸೈನಿಕರು ಕೊರಿಯಾದಿಂದ ವಾಪಸಾದರು. ಸೇನಾಡಳಿತಗಾರ ಪಾರ್ಕ್ ಚುಂಗ್ ಹೀ ಗುಟ್ಟಾಗಿ ಬಾಂಬ್ ಕೆಲಸ ಶುರುಮಾಡಿಸಿದರು. ಫ್ರಾನ್ಸ್‌ನಿಂದ ಪ್ಲುಟೋನಿಯಂ ಬೇರ್ಪಡಿಸುವ ಸ್ಥಾವರ ಕೊಳ್ಳುವವರೆಗೂ ಅದು ಹೋಗಿತ್ತು. ಅಮೆರಿಕ ಕೈ ತಿರುಚಿ ಅದನ್ನು ನಿಲ್ಲಿಸಿತು. ಅರ್ಧ ಶತಮಾನ ಕಳೆದು, ಉಕ್ರೇನ್ ಯುದ್ಧದ ಹೊಸ್ತಿಲಲ್ಲಿ ಪ್ರಕಟವಾದ, ಅಮೆರಿಕದ ಚಿಂತನ ಸಂಸ್ಥೆ ಚಿಕಾಗೊ ಕೌನ್ಸಿಲ್‌ನ ಸಮೀಕ್ಷೆಯಲ್ಲಿ ದಕ್ಷಿಣ ಕೊರಿಯಾದ ಶೇ 71 ಜನ ತಮ್ಮ ದೇಶಕ್ಕೆ ಸ್ವಂತ ಬಾಂಬ್ ಬೇಕೆಂದರು. 2023ರ ಜನವರಿಯಲ್ಲಿ ಅಧ್ಯಕ್ಷ ಯೂನ್ ಸುಕ್ ಯೋಲ್ ಆ ಮಾತನ್ನು ಬಾಯಿಬಿಟ್ಟೇ ಆಡಿದರು. ಏಪ್ರಿಲ್‌ನಲ್ಲಿ ಅಮೆರಿಕ ರಕ್ಷಣೆಯ ಹೊಸದೊಂದು ಘೋಷಣೆ ಬರೆದುಕೊಟ್ಟಿತು. ಘೋಷಣೆ ಸಾಲದೆಂದು ಜುಲೈನಲ್ಲಿ ಅಣ್ವಸ್ತ್ರ ಹೊರಬಲ್ಲ ಜಲಾಂತರ್ಗಾಮಿ ಕೆಂಟಕಿಯನ್ನು ಬೂಸಾನ್ ಬಂದರಿಗೆ ತಂದು ನಿಲ್ಲಿಸಿ ತೋರಿಸಿತು. ಯೂನ್ ಅದರ ಮೇಲೆ ಹತ್ತಿ ನೋಡಿದರು. 1981ರ ನಂತರ ಅಂಥ ನೌಕೆ ಕೊರಿಯಾಕ್ಕೆ ಬಂದದ್ದು ಅದೇ ಮೊದಲು.

ಬುಡಾಪೆಸ್ಟ್‌ನಲ್ಲಿ ಅಂದು ಉಕ್ರೇನಿಗೆ ಸಿಕ್ಕಂಥದೇ ಭರವಸೆ ಪಡೆದ ಬೆಲಾರುಸ್, 2022ರ ಫೆಬ್ರುವರಿ 27ರಂದು, ಯುದ್ಧದ ನಾಲ್ಕನೆಯ ದಿನ, ಜನಮತಗಣನೆ ನಡೆಸಿ ಅಣ್ವಸ್ತ್ರಮುಕ್ತವಾಗಿರುತ್ತೇವೆ ಎಂಬ ಮಾತನ್ನು ಸಂವಿಧಾನದಿಂದ ತೆಗೆದುಹಾಕಿತು. ಮರುವರ್ಷ ರಷ್ಯಾ ತನ್ನ ಕಿರು ಅಣ್ವಸ್ತ್ರಗಳನ್ನು ಅಲ್ಲಿಗೆ ಸಾಗಿಸಿರುವುದಾಗಿ ಸಾರಿತು.

ಪಕ್ಕದ ಪೋಲೆಂಡ್ ಇದನ್ನೆಲ್ಲ ನೋಡುತ್ತಿತ್ತು. ನೇಟೊ ಸದಸ್ಯತ್ವ ಇರುವ, ಎನ್‌ಪಿಟಿಗೆ 1969ರಲ್ಲೇ ಸೇರಿದ ದೇಶ ಅದು. 2025ರ ಫೆಬ್ರುವರಿ 28ರಂದು ಶ್ವೇತಭವನದಲ್ಲಿ ಟ್ರಂಪ್ ಮತ್ತು ಝೆಲೆನ್‌ಸ್ಕಿ ಜಗಳವಾಡಿದ್ದನ್ನು ಇಡೀ ಜಗತ್ತು ಟಿವಿಯಲ್ಲಿ ಕಂಡಿತು. ಮಾರ್ಚ್ ಮೊದಲ ವಾರ ಅಮೆರಿಕ ಉಕ್ರೇನಿಗೆ ಶಸ್ತ್ರ ಕಳಿಸುವುದನ್ನು ತಡೆದು, ಗುಪ್ತಚರ ಮಾಹಿತಿಯನ್ನೂ ನಿಲ್ಲಿಸಿತು. ಆ ತಡೆ ಹೆಚ್ಚು ದಿನ ಇರಲಿಲ್ಲ, ಆದರೆ ಅಷ್ಟೇ ಸಾಕಾಯಿತು. ಮಾರ್ಚ್ 5ರಂದು ಫ್ರಾನ್ಸ್‌ನ ಮಕ್ರಾನ್ ತಮ್ಮ ಅಣ್ವಸ್ತ್ರದ ರಕ್ಷಣೆಯನ್ನು ಯುರೋಪಿನ ಮಿತ್ರರಿಗೆ ಚಾಚುವ ಬಗ್ಗೆ ಚರ್ಚೆಗೆ ಸಿದ್ಧ ಎಂದರು. ಎರಡು ದಿನದ ನಂತರ ವಾರ್ಸಾದ ಸಂಸತ್ತಿನಲ್ಲಿ ಪ್ರಧಾನಿ ಡೊನಾಲ್ಡ್ ಟಸ್ಕ್, ಅಣ್ವಸ್ತ್ರವೂ ಸೇರಿದಂತೆ ಅತ್ಯಾಧುನಿಕ ಅಸ್ತ್ರಗಳ ಸಾಧ್ಯತೆಗಳತ್ತ ಪೋಲೆಂಡ್ ಕೈಚಾಚಬೇಕು ಎಂದು ಹೇಳಿದರು. ಅದೇ ಭಾಷಣದಲ್ಲಿ ಅವರು ಉಕ್ರೇನಿನ ಹೆಸರೆತ್ತಿ, ಅಣ್ವಸ್ತ್ರ ಬಿಟ್ಟುಕೊಟ್ಟ ಮೇಲೆ ಅದು ದಾಳಿಗೆ ತುತ್ತಾಯಿತು ಎಂಬ ಮಾತನ್ನೂ ಆಡಿದರು.